ಹಳೆಯ ವೈರ್‌ಲೆಸ್ ಕಾರ್ಡಿಗೆ ಡ್ರೈವರ್: ಅನುಭವ ಇದ್ದವರು ಹೇಳಿ

ಪೆರ್ಲದಿಂದ ಪ್ರಶ್ನೆ

ನಮ್ಮ ವಾಚನಾಲಯಕ್ಕೆ ಒಬ್ಬರು ಕೊಟ್ಟ ಹಳೆಯ ಲ್ಯಾಪ್‌ಟಾಪ್ ಉಂಟು. ಪೆಂಟಿಯಂ ಎಂ ಪ್ರೊಸೆಸರ್, 1 ಜಿಬಿ ರ್‍ಯಾಮ್. ಒಳಗೆ ವೈಫೈ ಇಲ್ಲ, ಬದಿಯ ಸ್ಲಾಟಿಗೆ ತುರುಕುವ ಕಾರ್ಡು ಜೊತೆಗೆ ಬಂದಿದೆ. ಲೇಬಲ್ ಉಜ್ಜಿಹೋಗಿ "54 ಎಂಬಿಪಿಎಸ್" ಅಂತ ಮಾತ್ರ ಕಾಣ್ತದೆ. ಡೆಬಿಯನ್ 12 ಎಂಬ ಲಿನಕ್ಸ್, 32 ಬಿಟ್‌ನದು ಹಾಕಿದ್ದೇವೆ. ಕಾರ್ಡಿನ ದೀಪ ಉರಿಯುವುದಿಲ್ಲ, ವೈಫೈ ಪಟ್ಟಿಯೂ ಬರುವುದಿಲ್ಲ. ಬ್ರಾಡ್‌ಕಾಮ್ ಕಂಪೆನಿಯ ಚಿಪ್ ಇರಬಹುದೆಂದು "ಬ್ರಾಡ್‌ಕಾಮ್-ಎಸ್‌ಟಿಎ" ಪ್ಯಾಕೇಜ್ ಹಾಕಿದ ಮೇಲೆ ಕೇಬಲ್ ನೆಟ್ ಕೂಡ ನಿಂತಿತು. ಮಕ್ಕಳು ಕನ್ನಡ ವಿಕಿಪೀಡಿಯ ಓದುವಷ್ಟು ನೆಟ್ ಬಂದರೆ ಸಾಕು. ಎಲ್ಲಿಂದ ಶುರು ಮಾಡಬೇಕು?

ಬದಿಯಡ್ಕದಿಂದ

ಮೊದಲು ಚಿಪ್ ಯಾವುದೆಂದು ತಿಳಿಯಬೇಕು, ಲೇಬಲ್ ನೋಡಿ ಡ್ರೈವರ್ ಹುಡುಕಬೇಡಿ. ಆ ಕಾಲದಲ್ಲಿ ಒಂದೇ ಹೆಸರಿನ ಕಾರ್ಡಿನೊಳಗೆ ಬೇರೆ ಬೇರೆ ಚಿಪ್ ಇರುತ್ತಿತ್ತು. ಡಿ-ಲಿಂಕ್ ಡಿಡಬ್ಲ್ಯೂಎಲ್-650ರಲ್ಲಿ ಪ್ರಿಸಂ ಚಿಪ್, ಅದೇ 650ರ ಮುಂದೆ ಒಂದು ಪ್ಲಸ್ ಚಿಹ್ನೆ ಬಂದರೆ ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್. ಎರಡರ ಡ್ರೈವರಿಗೂ ಸಂಬಂಧವೇ ಇಲ್ಲ.

ಕಾರ್ಡನ್ನು ಹೊರಗೆ ತೆಗೆದು ಸ್ಲಾಟಿನ ಒಳಗೆ ಹೋಗುವ ತುದಿ ನೋಡಿ. ಅಲ್ಲಿ ಚಿನ್ನದ ಬಣ್ಣದ ತಗಡಿನ ಪಟ್ಟಿ, ಅದರ ಮೇಲೆ ಸಾಲಾಗಿ ಸಣ್ಣ ಉಬ್ಬುಗಳು ಇದ್ದರೆ ಅದು 32 ಬಿಟ್‌ನ ಕಾರ್ಡ್‌ಬಸ್. ಪಟ್ಟಿ ಇಲ್ಲದಿದ್ದರೆ 16 ಬಿಟ್‌ನ ಹಳೆಯ ಪಿಸಿಎಂಸಿಐಎ. 54 ಎಂಬಿಪಿಎಸ್ ಅಂದ ಮೇಲೆ ನಿಮ್ಮದು ಹೆಚ್ಚುಕಡಿಮೆ ಕಾರ್ಡ್‌ಬಸ್ಸೇ.

ಹಾಗೆಯೇ ಟಾರ್ಚ್ ಹಿಡಿದು ಸ್ಲಾಟಿನ ಒಳಗೂ ನೋಡಿ. ಪಿನ್ನುಗಳು ಲ್ಯಾಪ್‌ಟಾಪಿನ ಕಡೆ ಇರುವುದು, 34ರಂತೆ ಎರಡು ಸಾಲು, ಒಟ್ಟು 68. ಕಾರ್ಡಿನಲ್ಲಿ ಬರೀ ತೂತುಗಳು. ಒಂದು ಪಿನ್ ಬಾಗಿದ್ದರೂ ಯಾವ ಡ್ರೈವರಿನಿಂದಲೂ ಉಪಯೋಗ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಪಿನ್ನು ಮಂಕಾಗಿದ್ದರೆ ಕಾರ್ಡಿನ ತುದಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಯಂತ್ರ ಆಫ್ ಇರುವಾಗ ನಾಲ್ಕೈದು ಸಲ ಮೆಲ್ಲಗೆ ಹಾಕಿ ತೆಗೆಯಿರಿ. ಚೆನ್ನಾಗಿ ಆರಿದ ಮೇಲೆಯೇ ಆನ್ ಮಾಡಿ.

ಆಮೇಲೆ ಟರ್ಮಿನಲ್‌ನಲ್ಲಿ "ಎಲ್‌ಎಸ್‌ಪಿಸಿಐ", ಒಂದು ಸ್ಪೇಸ್, ಹೈಫನ್, "ಎನ್‌ಎನ್‌ಕೆ". ಬರುವ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲು, ಚೌಕ ಆವರಣದ ಸಂಖ್ಯೆ, ಕೊನೆಯ ರೆವ್ ಸಂಖ್ಯೆ, ಮೂರನ್ನೂ ಇಲ್ಲಿ ಹಾಕಿ.

ಕುಂಬಳೆಯಿಂದ

ಕೇಬಲ್ ನೆಟ್ ಹೋದದ್ದಕ್ಕೆ ಕಾರಣ ಆ ಪ್ಯಾಕೇಜೇ. ಅದು ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಬ್ಲ್ಯಾಕ್‌ಲಿಸ್ಟ್ ಕಡತ ಇಡ್ತದೆ: ಬಿ43, ಬಿ43-ಲೆಗಸಿ, ಬಿ44, ಎಸ್‌ಎಸ್‌ಬಿ ಎಂಬ ಡ್ರೈವರ್‌ಗಳೆಲ್ಲ ಲೋಡ್ ಆಗದ ಹಾಗೆ. ಆ ಕಾಲದ ತುಂಬ ಲ್ಯಾಪ್‌ಟಾಪ್‌ಗಳ ಕೇಬಲ್ ಪೋರ್ಟು ಕೂಡ ಬ್ರಾಡ್‌ಕಾಮ್ 4401. ಅದನ್ನು ನಡೆಸುವುದು ಬಿ44, ಬಿ44 ನಿಂತಿರುವುದು ಎಸ್‌ಎಸ್‌ಬಿಯ ಮೇಲೆ. ವೈಫೈಗೆಂದು ಹಾಕಿದ ಬೀಗ ಕೇಬಲಿಗೂ ಬಿತ್ತು. ಅಷ್ಟಾಗಿ ಎಸ್‌ಟಿಎ ಡ್ರೈವರ್ ಬ್ರಾಡ್‌ಕಾಮ್ 4306, 4318 ಚಿಪ್‌ಗಳನ್ನು ನಡೆಸುವುದೂ ಇಲ್ಲ, ಅದು ನಂತರದ ಚಿಪ್‌ಗಳಿಗೆ.

ಪ್ಯಾಕೇಜನ್ನು ಬರೀ ರಿಮೂವ್ ಮಾಡಿದರೆ ಸಂರಚನೆಯ ಕಡತ ಉಳಿಯುತ್ತದೆ. "ಎಪಿಟಿ ಪರ್ಜ್" ಎಂದೇ ಕೊಡಿ. ಮತ್ತೆ "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು" ಓಡಿಸಿ ರೀಬೂಟ್ ಮಾಡಿ. ಕೇಬಲ್ ನೆಟ್ ಬರಬೇಕು. ರೂಟರ್ ದೂರ ಇದ್ದರೆ ಮೊಬೈಲನ್ನು ಯುಎಸ್‌ಬಿ ವಯರಿನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಲಿನಕ್ಸ್‌ಗೆ ಅದು ಒಂದು ಕೇಬಲ್ ನೆಟ್ ಇದ್ದ ಹಾಗೆ. ಮುಂದಿನ ಕೆಲಸಕ್ಕೆ ಎಂತಾದರೂ ಒಂದು ನೆಟ್ ಬೇಕೇ ಬೇಕು.

ಪೆರ್ಲದಿಂದ

ಕೇಬಲ್ ನೆಟ್ ವಾಪಸ್ ಬಂತು. ಕಾರ್ಡಿಗೆ ತಗಡಿನ ಪಟ್ಟಿ ಉಂಟು. ಬಂದ ಸಾಲು: ಬ್ರಾಡ್‌ಕಾಮ್ ಬಿಸಿಎಂ4306, 14ಇ4:4320, ರೆವ್ 03. ದೀಪ ಇನ್ನೂ ಇಲ್ಲ.

ಮುಳ್ಳೇರಿಯದಿಂದ

ಇದು ಸರಿಹೋಗುವ ಕಾರ್ಡೇ. 14ಇ4:4320ರಲ್ಲಿ ಒಂದು ಕವಲು ಉಂಟು: ರೆವ್ 02 ಆದರೆ ಬಿ43-ಲೆಗಸಿ, ರೆವ್ 03 ಆದರೆ ಬಿ43. ನಿಮ್ಮದು ಎರಡನೆಯದು. ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೇ ಉಂಟು, 2.6.24ರಿಂದಲೂ. ಬೇರೆ ಡ್ರೈವರ್ ಹುಡುಕುವುದು ಬೇಡ. ಇಲ್ಲದ್ದು ಫರ್ಮ್‌ವೇರ್.

ಕಾರ್ಡಿನೊಳಗೆ ರೇಡಿಯೊ ನಡೆಸುವ ಸಣ್ಣ ಪ್ರೊಸೆಸರ್ ಉಂಟು, ಆದರೆ ಅದರ ಪ್ರೋಗ್ರಾಂ ಕಾರ್ಡಿನಲ್ಲಿ ಉಳಿಯುವುದಿಲ್ಲ. ಪ್ರತಿ ಸಲ ಡ್ರೈವರೇ ಅದನ್ನು ಡಿಸ್ಕಿನಿಂದ ಓದಿ ಕಾರ್ಡಿಗೆ ತುಂಬಬೇಕು. ತುಂಬುವ ತನಕ ರೇಡಿಯೊವೂ ಇಲ್ಲ, ದೀಪವೂ ಇಲ್ಲ. ಆ ಪ್ರೋಗ್ರಾಂ ಹಂಚಲು ಡೆಬಿಯನ್‌ಗೆ ಅನುಮತಿ ಇಲ್ಲದ್ದರಿಂದ ಇನ್‌ಸ್ಟಾಲ್ ಡಿಸ್ಕಿನಲ್ಲಿ ಸಿಗುವುದಿಲ್ಲ. "ಡಿಎಂಇಎಸ್‌ಜಿ" ಕೊಟ್ಟು ನೋಡಿದರೆ "ಬಿ43/ಯುಕೋಡ್5.ಎಫ್‌ಡಬ್ಲ್ಯೂ ಸಿಗಲಿಲ್ಲ" ಎಂಬ ಅರ್ಥದ ಸಾಲು ಇರ್ತದೆ. ಬದಲಿಗೆ ಯುಕೋಡ್4 ಎಂದು ಕೇಳಿದರೆ ಕಾರ್ಡು ಲೆಗಸಿ ಗುಂಪಿನದು ಎಂದು ತಿಳಿಯಿರಿ. ಅಂಗಡಿಯ ಹೆಸರಿಗಿಂತ ಈ ಸಾಲನ್ನು ನಂಬಬಹುದು.

ನೆಟ್ ಇರುವುದರಿಂದ ಸುಲಭ. ಎಪಿಟಿಯ ಸೋರ್ಸಸ್ ಕಡತದಲ್ಲಿ "ಮೇನ್" ಎಂಬ ಪದದ ಮುಂದೆ "ಕಾಂಟ್ರಿಬ್" ಸೇರಿಸಿ, ಎಪಿಟಿ ಅಪ್‌ಡೇಟ್ ಮಾಡಿ, "ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್" ಹಾಕಿ. ಅದು ಬ್ರಾಡ್‌ಕಾಮಿನ ಹಳೆಯ ಡ್ರೈವರ್ ಕಡತವನ್ನು ಇಳಿಸಿ, ಬಿ43-ಎಫ್‌ಡಬ್ಲ್ಯೂಕಟರ್ ಎಂಬ ಸಾಧನದಿಂದ ಬೇಕಾದ ತುಂಡುಗಳನ್ನು ಕತ್ತರಿಸಿ, ಲಿಬ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಬಿ43 ಎಂಬಲ್ಲಿ ಇಡ್ತದೆ. ನಡುವೆ ಕರೆಂಟೋ ನೆಟ್ಟೋ ಹೋದರೆ ಪ್ಯಾಕೇಜ್ ಅರ್ಧಕ್ಕೆ ನಿಲ್ತದೆ. ಆಗ "ಎಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್" ಅಂತ ಅದೇ ಹೆಸರು ಕೊಟ್ಟರೆ ಮತ್ತೆ ಇಳಿಸ್ತದೆ.

ಮುಗಿದ ಮೇಲೆ "ಮಾಡ್‌ಪ್ರೋಬ್ -ಆರ್ ಬಿ43", ಮತ್ತೆ "ಮಾಡ್‌ಪ್ರೋಬ್ ಬಿ43". ದೀಪ ಬರ್ತದೆ.

ಇನ್ನೊಂದು ಮಾತು. ಆ ಬಿ43 ಫೋಲ್ಡರನ್ನು ಈಗಲೇ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಕಪಾಟಿನಲ್ಲಿಡಿ. ನಾಳೆ ಡಿಸ್ಕ್ ಕೆಟ್ಟು ಹೊಸತಾಗಿ ಹಾಕುವಾಗ ನೆಟ್ ಇಲ್ಲದೆಯೂ ಕೆಲಸ ಆಗ್ತದೆ. ನಕಲು ಮಾಡುವಾಗ ಹೆಚ್ಚಿನವರಿಗೆ ಆಗುವ ತಪ್ಪೆಂದರೆ ಬಿ43ರ ಒಳಗೆ ಇನ್ನೊಂದು ಬಿ43 ಫೋಲ್ಡರ್ ಬಂದು ಕೂರುವುದು. ಕಡತಗಳು ನೇರ ಮೊದಲನೆಯ ಬಿ43ರೊಳಗೇ ಇರಬೇಕು.

ಎನ್‌ಡಿಐಎಸ್-ರ್‍ಯಾಪರ್ ಹಾಕಿ, ವಿಂಡೋಸ್ ಎಕ್ಸ್‌ಪಿ ಡ್ರೈವರ್ ಬಳಸಿ ಅಂತ ಹೇಳುವವರು ಸಿಗುತ್ತಾರೆ. ಈ ಚಿಪ್‌ಗೆ ಅದು ಬೇಡ.

ಮಂಜೇಶ್ವರದಿಂದ

ದೀಪ ಬಂದ ಮೇಲೆ ರೂಟರಿನ ಕಡೆ ನೋಡಬೇಕು. ಈಗಿನ ಫೈಬರ್ ರೂಟರ್‌ಗಳು ಹಳೆಯ ಕಾರ್ಡಿಗೆ ಹೊಂದುವ ಹಾಗೆ ಬರುವುದಿಲ್ಲ. 4306 ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ. ಎರಡೂ ಬ್ಯಾಂಡಿಗೆ ಒಂದೇ ಹೆಸರು ಇದ್ದರೆ 2.4ಕ್ಕೆ ಬೇರೆ ಹೆಸರು ಕೊಡಿ. ಮೋಡ್ "ಬಿ/ಜಿ/ಎನ್" ಮಿಶ್ರ ಇರಲಿ, ಚಾನೆಲ್ ಅಗಲ 20. ಚಾನೆಲನ್ನು ಆಟೋದಲ್ಲಿ ಬಿಡಬೇಡಿ. ರೂಟರ್ 12 ಅಥವಾ 13ಕ್ಕೆ ಹೋದರೆ ಕಾರ್ಡಿಗೆ ಅದು ಕಾಣದೆ ಹೋಗಬಹುದು. 1, 6, 11ರಲ್ಲಿ ಒಂದನ್ನು ಕಟ್ಟಿಬಿಡಿ. ಭದ್ರತೆ ಡಬ್ಲ್ಯೂಪಿಎ2, ಎಇಎಸ್. ಡಬ್ಲ್ಯೂಪಿಎ3 ಮಾತ್ರ ಇಟ್ಟರೆ, ಅಥವಾ ಪಿಎಂಎಫ್ (ವೈಫೈಯ ನಿರ್ವಹಣೆ ಸಂದೇಶಗಳಿಗೆ ರಕ್ಷಣೆ) ಕಡ್ಡಾಯ ಅಂತಿದ್ದರೆ ಸೇರದೆ ಹೋಗಬಹುದು.

ವಾಚನಾಲಯ ಅಂದದ್ದರಿಂದ ಹೇಳ್ತೇನೆ: ವೈಫೈಗೆ ಕನ್ನಡದಲ್ಲೇ ಹೆಸರಿಡಬಹುದು, ಆದರೆ ಮಿತಿ 32 ಬೈಟ್. ಕನ್ನಡದ ಪ್ರತಿ ಅಕ್ಷರಚಿಹ್ನೆಗೆ 3 ಬೈಟ್, ಕೊಂಬು, ಸೊನ್ನೆ, ಒತ್ತು ಕೊಡುವ ಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. "ಗ್ರಂಥಾಲಯ" ಅಂದರೆ 8 ಚಿಹ್ನೆ, 24 ಬೈಟ್, ಹಿಡಿಸ್ತದೆ. "ಕನ್ನಡ ವಾಚನಾಲಯ" 37 ಬೈಟ್, ಹಿಡಿಸುವುದಿಲ್ಲ.

ಪಟ್ಟಿ ಬಂದರೂ ಪಾಸ್‌ವರ್ಡ್ ಕೊಟ್ಟಾಗ ಸೇರದಿದ್ದರೆ ನೆಟ್‌ವರ್ಕ್ ಮ್ಯಾನೇಜರಿನ ಸಂರಚನೆ ಕಡತದಲ್ಲಿ ಡಿವೈಸ್ ವಿಭಾಗದ ಕೆಳಗೆ "ವೈಫೈ.ಸ್ಕ್ಯಾನ್-ರ್‍ಯಾಂಡ್-ಮ್ಯಾಕ್-ಅಡ್ರೆಸ್" ಎಂಬುದಕ್ಕೆ "ನೋ" ಕೊಡಿ. ಹುಡುಕುವಾಗ ವಿಳಾಸ ಬದಲಿಸುವ ಈ ಹೊಸ ಪದ್ಧತಿ ಕೆಲವು ಹಳೆಯ ಡ್ರೈವರ್‌ಗಳಿಗೆ ಆಗಿಬರುವುದಿಲ್ಲ.

ಅಡೂರಿನಿಂದ

ತಗಡಿನ ಪಟ್ಟಿ ಇಲ್ಲದ 16 ಬಿಟ್ ಕಾರ್ಡು ಕೈಯಲ್ಲಿರುವವರಿಗೆ. ಅದು ಎಲ್‌ಎಸ್‌ಪಿಸಿಐಯಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಕೆಟ್ಟಿದೆ ಎಂದು ಬಿಸಾಡಬೇಡಿ. ಪಿಸಿಎಂಸಿಐಎಯುಟಿಲ್ಸ್ ಪ್ಯಾಕೇಜ್ ಹಾಕಿ "ಪಿಸಿಕಾರ್ಡ್‌ಸಿಟಿಎಲ್ ಐಡೆಂಟ್" ಕೊಟ್ಟರೆ ಹೆಸರು ಬರ್ತದೆ. ಲೂಸೆಂಟ್ ಒರಿನೊಕೊ ಆದರೆ ಡ್ರೈವರ್ ಒರಿನೊಕೊ-ಸಿಎಸ್. ಅದು ಟಿಕೆಐಪಿ ಎಂಬ ಹಳೆಯ ಗೂಢಲಿಪಿಯ ತನಕ ಮಾತ್ರ, ಡಬ್ಲ್ಯೂಪಿಎ2 ಎಇಎಸ್ ರೂಟರಿಗೆ ಸೇರುವುದಿಲ್ಲ. ಅದಕ್ಕೋಸ್ಕರ ರೂಟರಿನ ಭದ್ರತೆ ಇಳಿಸಬೇಡಿ, ಆ ಕಾರ್ಡನ್ನು ಬಿಟ್ಟುಬಿಡುವುದೇ ಲೇಸು. ಪ್ರಿಸಂ 2, 2.5, 3 ಆದರೆ ಹೋಸ್ಟ್‌ಎಪಿ ಡ್ರೈವರ್. ಕಾರ್ಡಿನೊಳಗಿನ ಸ್ಟೇಷನ್ ಫರ್ಮ್‌ವೇರ್ 1.7.0 ಅಥವಾ ಅದಕ್ಕಿಂತ ಹೊಸತು ಇದ್ದರೆ ಡಬ್ಲ್ಯೂಪಿಎ ನಡೆಯುತ್ತದೆ.

ಈ ಎರಡೂ ಡ್ರೈವರ್‌ಗಳನ್ನು ಲಿನಕ್ಸ್ 6.8ರಲ್ಲಿ ತೆಗೆದುಹಾಕಿದ್ದಾರೆ. ಡೆಬಿಯನ್ 12ರದು 6.1. ಬಿ43 ಉಳಿದಿದೆ, ಆದರೆ ಡೆಬಿಯನ್ 13ಕ್ಕೆ 32 ಬಿಟ್ ಕರ್ನೆಲ್ಲೇ ಇಲ್ಲ. ಹಾಗಾಗಿ ಪೆರ್ಲದವರು ಕೂಡ 12ರಲ್ಲೇ ನಿಲ್ಲಬೇಕು.

ಪೆರ್ಲದಿಂದ

ದೀಪ ಉರಿಯಿತು, ರೂಟರಿನ ಕೋಣೆಯಲ್ಲಿ ಚೆನ್ನಾಗಿ ಬರ್ತದೆ. ಎಲ್ಲರಿಗೂ ತುಂಬ ಉಪಕಾರ. ಮಕ್ಕಳು ಕೂರುವ ಆಚೆ ಕೋಣೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗ್ತದೆ. ನಡುವೆ ಮುರಕಲ್ಲಿನ ಗೋಡೆ ಉಂಟು.

ಮುಳ್ಳೇರಿಯದಿಂದ

"ಐಡಬ್ಲ್ಯೂ ಡೆವ್", ಕಾರ್ಡಿನ ಹೆಸರು, "ಲಿಂಕ್" ಕೊಟ್ಟು ಸಿಗ್ನಲ್ ನೋಡಿ. ಮೈನಸ್ 60ರ ಸುತ್ತ ಇದ್ದರೆ ಒಳ್ಳೆಯದು, ಮೈನಸ್ 75 ದಾಟಿದರೆ ಕಡಿಯಲು ಶುರು. ದಪ್ಪ ಮುರಕಲ್ಲು, ಅದೂ ಮಳೆಗೆ ನೀರು ಕುಡಿದದ್ದು, ಸಿಗ್ನಲನ್ನು ಚೆನ್ನಾಗಿ ತಿನ್ನುತ್ತದೆ. ಕಾರ್ಡಿನ ಆಂಟೆನಾ ಹೊರಗೆ ಚಾಚಿದ ಪ್ಲಾಸ್ಟಿಕ್ ತುದಿಯೊಳಗೆ ಇರುವುದು, ಆ ಬದಿ ಗೋಡೆಗೆ ಅಥವಾ ಕಬ್ಬಿಣದ ಕಪಾಟಿಗೆ ಒತ್ತದ ಹಾಗೆ ಮೇಜು ತಿರುಗಿಸಿ. ಬಾಗಿಲಿನ ನೇರಕ್ಕೆ ಬಂದರೆ ಇನ್ನೂ ಒಳ್ಳೆಯದು.

ಆಮೇಲೆ ಪವರ್ ಸೇವ್ ನಿಲ್ಲಿಸಿ: ನೆಟ್‌ವರ್ಕ್ ಮ್ಯಾನೇಜರಿನ ಕನೆಕ್ಷನ್ ವಿಭಾಗದಲ್ಲಿ "ವೈಫೈ.ಪವರ್‌ಸೇವ್" ಬೆಲೆ 2. ಆಗಲೂ ಕಡಿದರೆ ವೇಗ ಕಟ್ಟಿಹಾಕಿ: "ಐಡಬ್ಲ್ಯೂ ಡೆವ್", ಕಾರ್ಡಿನ ಹೆಸರು, "ಸೆಟ್ ಬಿಟ್‌ರೇಟ್ಸ್ ಲೆಗಸಿ-2.4", ಮುಂದೆ 5.5 ಮತ್ತು 11. ದುರ್ಬಲ ಸಿಗ್ನಲಿನಲ್ಲಿ 54ಕ್ಕೆ ಹಾರಿ ಬೀಳುವುದಕ್ಕಿಂತ 11ರಲ್ಲಿ ನಿಲ್ಲುವುದು ಮೇಲು. 11ರಲ್ಲಿ ನಿಜಕ್ಕೆ ಸಿಗುವುದು 5, 6 ಎಂಬಿಪಿಎಸ್, ವಿಕಿಪೀಡಿಯದ ಪುಟಕ್ಕೆ ಧಾರಾಳ. ರೀಬೂಟ್ ಆದರೆ ಈ ಕಟ್ಟು ಹೋಗ್ತದೆ, ಆದ್ದರಿಂದ ನೆಟ್‌ವರ್ಕ್ ಮ್ಯಾನೇಜರಿನ ಡಿಸ್ಪ್ಯಾಚರ್ ಫೋಲ್ಡರಿನಲ್ಲಿ ಆ ಸಾಲನ್ನು ಸಣ್ಣ ಸ್ಕ್ರಿಪ್ಟ್ ಆಗಿ ಇಟ್ಟು ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಿ. ಕಡತದ ಯಜಮಾನ ರೂಟ್ ಆಗಿರಬೇಕು, ಇಲ್ಲದಿದ್ದರೆ ಅದನ್ನು ಓಡಿಸುವುದಿಲ್ಲ.