ಎರಡೂ ಸುಡುತ್ತವೆ, ಎಲ್ಲರಿಗೂ ಕಳುಹಿಸಿ

ಬೆಳಗಾವಿ ಶಹಾಪುರದ ಹಳೆಯ ಮನೆಯ ಹೆಸರಿನಲ್ಲಿರುವ ನಮ್ಮ ವಾಟ್ಸಾಪ್ ಗುಂಪಿಗೆ ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಸಣ್ಣ ಕಾಕಾ ಒಂದು ಸಂದೇಶ ದಾಟಿಸಿದರು. "ಎಚ್ಚರಿಕೆ! ಹಳೆಯ ಸ್ಟೀರಿಯೋ ಆಂಪ್ಲಿಫೈಯರನ್ನು ಹೊಸ ಹೋಮ್ ಥಿಯೇಟರ್ ರಿಸೀವರಿಗೆ ಜೋಡಿಸಬೇಡಿ. ಎರಡೂ ಸುಡುತ್ತವೆ, ಮನೆಗೂ ಬೆಂಕಿ ಬೀಳುತ್ತದೆ. ಎಲ್ಲರಿಗೂ ಕಳುಹಿಸಿ." ಎಲ್ಲರಿಗೂ ಎಂದಿದ್ದರೂ ಗುರಿ ಒಬ್ಬನೇ. ಟಿಳಕವಾಡಿಯ ತಮ್ಮ ಹಿಂದಿನ ರಾತ್ರಿಯಷ್ಟೇ, ಟಿವಿಯ ಸದ್ದನ್ನು ಸುತ್ತಲಿನ ಹಲವು ಸ್ಪೀಕರುಗಳಿಗೆ ಹಂಚುವ ಹೊಸ ರಿಸೀವರಿನ ಡಬ್ಬಿಯ ಚಿತ್ರ ಹಾಕಿ, "ಅಜ್ಜನ ಆಂಪ್ಲಿಫೈಯರಿಗೆ ಮತ್ತೆ ಕೆಲಸ ಬಂತು" ಎಂದು ಬರೆದಿದ್ದ.

ಮೊದಲ ಉತ್ತರ ಖಾನಾಪುರದ ಅತ್ತೆಯದು. "ನಾನು ಆಗಲೇ ಹೇಳಿದ್ದೆ." ಯಾವಾಗ, ಏನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಹೇಳುತ್ತಾರೆ ಎಂಬ ಭಯ.

ಬೆಂಗಳೂರಿನ ತಂಗಿ ಸುಮ್ಮನಿರುವವಳಲ್ಲ. "ಕಾಕಾ, ಇದನ್ನು ಬರೆದವರು ಯಾರು? ಯಾವ ಸಾಕೆಟ್ಟಿಗೆ ಯಾವುದನ್ನು ಜೋಡಿಸಿದರೆ ಸುಡುತ್ತದೆ? ಆಧಾರ ಇದ್ದರೆ ಕೊಡಿ."

"ನನಗೆ ಕಳುಹಿಸಿದವರು ವಿದ್ಯುತ್ ಕಚೇರಿಯಲ್ಲಿ ಇದ್ದವರು."

"ಅಲ್ಲಿ ಏನು ಕೆಲಸದಲ್ಲಿದ್ದರು?"

"ಲೆಕ್ಕಪತ್ರ. ಆದರೆ ಅನುಭವಸ್ಥರು. ನಿನ್ನ ಮದುವೆಗೆ ಹುಡುಗನನ್ನು ತೋರಿಸಿದಾಗಲೂ ನೀನು ಹೀಗೆಯೇ ಆಧಾರ ಕೇಳಿದ್ದೆ."

ಇಷ್ಟರಲ್ಲಿ ಗೋಕಾಕದಿಂದ ದೊಡ್ಡಪ್ಪ ಬಂದರು. ನಿವೃತ್ತ ಮೇಷ್ಟ್ರು, ಮೂರು ಕಂತಿಲ್ಲದೆ ಮಾತು ಮುಗಿಸಿದವರಲ್ಲ. "ಅಜ್ಜ ಒಂದೇ ಸ್ಪೀಕರಿನಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತ ನಮ್ಮನ್ನೆಲ್ಲ ಓದಿಸಿದರು. ಈಗ ಮನೆಯಲ್ಲಿ ಸ್ಪೀಕರ್ ಏಳು, ಮಾತನಾಡುವವರು ಇಬ್ಬರು. ವಸ್ತುಗಳ ಮೇಲಿನ ಮೋಹ ಬಿಡಬೇಕು." ಈ ಕೊನೆಯ ಸಾಲನ್ನು ನೆನಪಿಟ್ಟುಕೊಳ್ಳಿ.

ಆಕಾಶವಾಣಿ ಎಂದದ್ದೇ ಸಾಕಾಯಿತು, ಪುಣೆಯ ತಮ್ಮ ಎಲ್ಲರನ್ನೂ ಹಿಂದಕ್ಕೆ ಎಳೆದುಕೊಂಡು ಹೋದ. ಆ ಆಂಪ್ಲಿಫೈಯರಿನ ಹಸಿರು ದೀಪ, ಮಳೆಗಾಲದಲ್ಲಿ ತೇವ ಹಿಡಿದು ವಾಲ್ಯೂಮ್ ತಿರುಗಿಸಿದಾಗ ಬರುತ್ತಿದ್ದ ಕರಕರ ಸದ್ದು, ಕುಮಾರ ಗಂಧರ್ವರ ರೆಕಾರ್ಡ್ ಹಾಕುವ ಮೊದಲು ಅಜ್ಜ ತಪ್ಪದೇ ಹೇಳುತ್ತಿದ್ದ ಮಾತು: "ಇವರು 1924ರಲ್ಲಿ ನಮ್ಮ ಸುಳೇಭಾವಿಯಲ್ಲಿ ಹುಟ್ಟಿದವರು." ಆಮೇಲೆ ಕುಂದಾ. ಯಾವ ಅಂಗಡಿಯದು ನಿಜವಾದ ಕುಂದಾ ಎಂಬ ವಾದಕ್ಕೆ ಅರ್ಧ ಗಂಟೆ ಹೋಯಿತು. ಅಲ್ಲಿ ಮಾತ್ರ ಆಧಾರವನ್ನು ಯಾರೂ ಕೇಳಲಿಲ್ಲ, ತಂಗಿಯೂ ಸಹ.

ನಡುವೆ ತಮ್ಮ ಪಾಪ, "ಅಣ್ಣಾ, ಜೋಡಿಸಲೋ ಬೇಡವೋ?" ಎಂದು ನನ್ನನ್ನು ಕೇಳಿದ. ನಾನು ಬರೆದೆ:

"ಸಂದೇಶದಲ್ಲಿ ಅರ್ಧ ನಿಜವಿದೆ. ರಿಸೀವರಿನಿಂದ ಸದ್ದು ಎರಡು ಬಗೆಯಲ್ಲಿ ಹೊರಬರುತ್ತದೆ. ಸ್ಪೀಕರ್ ತಂತಿ ಸಿಕ್ಕಿಸುವ ಜಾಗದಲ್ಲಿ ಬರುವುದು ಪೂರ್ತಿ ಬಲದ್ದು. 8 ಓಮ್ ಸ್ಪೀಕರಿಗೆ 100 ವ್ಯಾಟ್ ಎಂದರೆ ಸುಮಾರು 28 ವೋಲ್ಟ್. ಅದನ್ನು ಅಜ್ಜನ ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ಕೊಟ್ಟರೆ ಅದು ಕೆಟ್ಟೀತು, ಕಾಕಾ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಪ್ರಿ-ಔಟ್ ಎಂದು ಬರೆದ ಸಾಕೆಟ್ ಇದ್ದರೆ ಅಲ್ಲಿ ಬರುವುದು ಒಂದು ವೋಲ್ಟಿನ ಆಸುಪಾಸು. ಬೇರೆ ಆಂಪ್ಲಿಫೈಯರಿಗೆ ಕೊಡಲೆಂದೇ ಅದನ್ನು ಇಟ್ಟಿರುತ್ತಾರೆ. ಮುಂದಿನ ಎಡ ಮತ್ತು ಬಲ ಸ್ಪೀಕರುಗಳನ್ನು ಅಜ್ಜನದು ನಡೆಸಲಿ, ನಡುವಿನದು ಮತ್ತು ಹಿಂದಿನವು ರಿಸೀವರಿಗಿರಲಿ. ತಂತಿಯನ್ನು ಅಜ್ಜನದರಲ್ಲಿ ಆಕ್ಸ್ ಎಂದು ಬರೆದ ಇನ್‌ಪುಟ್ಟಿಗೆ ಕೊಡು, ಫೋನೋ ಎಂದು ಬರೆದದ್ದಕ್ಕೆ ಬೇಡ. ಫೋನೋ ಎಂಬುದು ರೆಕಾರ್ಡಿನ ಮುಳ್ಳಿನಿಂದ ಬರುವ ಕೆಲವೇ ಮಿಲಿವೋಲ್ಟುಗಳನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ, ತಗ್ಗಿನ ಸ್ವರಗಳನ್ನು ಇನ್ನೂ ಮೇಲೆತ್ತುತ್ತದೆ. ಹಳೆಯದರ ವಾಲ್ಯೂಮನ್ನು ಒಂದು ಕಡೆ ನಿಲ್ಲಿಸಿ ಗುರುತು ಹಾಕು, ಆಮೇಲೆ ರಿಸೀವರಿನ ಜೊತೆ ಬಂದ ಮೈಕಿನಿಂದ ಸ್ಪೀಕರುಗಳ ಮಟ್ಟ ಹೊಂದಿಸು. ಗುರುತು ಕದಲಿದರೆ ಹೊಂದಾಣಿಕೆಯೂ ಹೋಯಿತು. ಹಚ್ಚುವಾಗ ರಿಸೀವರ್ ಮೊದಲು, ಆರಿಸುವಾಗ ಆಂಪ್ಲಿಫೈಯರ್ ಮೊದಲು. ಗುಂಯ್ ಎಂಬ ಸದ್ದು ಬಂದರೆ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ಟಿವಿಯ ಕೇಬಲ್ ಕಳಚಿ ನೋಡು. ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಮಾತ್ರ ಮುರಿಯಬೇಡ."

ಕಳುಹಿಸಿದ ಮರುಕ್ಷಣವೇ ಹೆಬ್ಬೆರಳುಗಳು ಬಂದವು. ಅಷ್ಟು ಬೇಗ ಓದಬಲ್ಲವರು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಅತ್ತೆ ಮಾತ್ರ ಪ್ರಾಮಾಣಿಕರು: "ಇಷ್ಟುದ್ದ ಯಾರು ಓದುತ್ತಾರೆ? ಸುಡುತ್ತದೆಯೋ ಇಲ್ಲವೋ, ಅಷ್ಟು ಹೇಳು."

ನಾನು ಹೇಳುವ ಮೊದಲೇ ಅವರೇ ಮುಂದುವರಿಸಿದರು. "ಅದು ಒಮ್ಮೆ ಸುಟ್ಟೇ ಇದೆ. ಸುಟ್ಟವರು ಯಾರು ಎಂದು ಸಣ್ಣಣ್ಣನನ್ನೇ ಕೇಳಿ."

ಗುಂಪು ಆಗ ನಿಜವಾಗಿ ಎಚ್ಚರವಾಯಿತು. ತಿಂಗಳುಗಟ್ಟಲೆ ಬಾಯಿ ಬಿಡದವರೆಲ್ಲ ಬರೆಯತೊಡಗಿದರು. ಸಂಗತಿ ಇಷ್ಟು. ಒಂದು ಗಣಪತಿ ಹಬ್ಬದಲ್ಲಿ ಸದ್ದು ಸಾಲದೆಂದು ಕಾಕಾ ಬಾಡಿಗೆಗೆ ಇನ್ನೊಂದು ಆಂಪ್ಲಿಫೈಯರ್ ತಂದು, ಅದರ ತಂತಿಯನ್ನೂ ಅಜ್ಜನದರ ತಂತಿಯನ್ನೂ ಸೇರಿಸಿ ಅದೇ ಜೋಡಿ ಸ್ಪೀಕರುಗಳಿಗೆ ಕಟ್ಟಿದರು. ಎರಡು ಸೇರಿದರೆ ದುಪ್ಪಟ್ಟು ಎಂಬ ಲೆಕ್ಕ. ಹಾಗೆ ಕಟ್ಟಿದಾಗ ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್ಟಿಗೆ ನುಗ್ಗುತ್ತದೆ, ಟ್ರಾನ್ಸಿಸ್ಟರುಗಳು ಹೋಗುತ್ತವೆ. ಎಡಗಡೆಯ ಚಾನೆಲ್ ಅಂದೇ ಸತ್ತಿತು. ಅಜ್ಜ ಅದನ್ನು ರಿಪೇರಿ ಮಾಡಿಸಿದ ಹಣ ಅತ್ತೆಯ ಸೀರೆಗೆಂದು ಇಟ್ಟದ್ದಂತೆ.

"ಕಾಕಾ, ಆಧಾರ ಸಿಕ್ಕಿತು, ಧನ್ಯವಾದ" ಎಂದು ತಂಗಿ ಬರೆದಳು.

ಕಾಕಾ ಸಂದೇಶ ಬರೆದರು, ಅಳಿಸಿದರು, ಮತ್ತೆ ಬರೆದರು. "ಅನುಭವದಿಂದಲೇ ಎಚ್ಚರಿಕೆ ಕೊಟ್ಟೆ." ನನಗೆ ಕೇಳಿದರೆ ಆ ದಿನ ಗುಂಪಿನಲ್ಲಿ ಬಂದ ಅತ್ಯಂತ ನಂಬಲರ್ಹ ವಾಕ್ಯ ಅದೇ. ಮೊದಲೇ ಹೀಗೆ ಬರೆದಿದ್ದರೆ ಲೆಕ್ಕಪತ್ರದವರು ಬೇಕಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ತಮ್ಮನಿಗೆ ರಿಸೀವರಿನ ಹಿಂಬದಿಯ ಚಿತ್ರ ಹಾಕುವ ಬುದ್ಧಿ ಬಂತು. ನೋಡಿದರೆ ಪ್ರಿ-ಔಟ್ ಎಂದು ಒಂದೇ ಒಂದು ಸಾಕೆಟ್, ಅದೂ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರಿಗೆ, ಅಂದರೆ ಸಬ್‌ವೂಫರಿಗೆ. ಕಡಿಮೆ ಬೆಲೆಯ ರಿಸೀವರುಗಳಲ್ಲಿ ಬಹಳಷ್ಟು ಹೀಗೆಯೇ. ಎಡ, ಬಲದ ಪ್ರಿ-ಔಟ್ ಇಲ್ಲವೇ ಇಲ್ಲ. ಸ್ಪೀಕರ್ ತಂತಿಯಿಂದ ವೋಲ್ಟೇಜ್ ತಗ್ಗಿಸಿ ಕೊಡುವ ಚಿಕ್ಕ ಪೆಟ್ಟಿಗೆಗಳು ಸಿಗುತ್ತವೆ ಎಂದೆ, ಆದರೆ ನನಗೇ ಆ ಉಪಾಯ ಅಷ್ಟು ಹಿಡಿಸದು. ಸಾಧ್ಯವಾದರೆ ಅಂಗಡಿಯವರಿಗೆ ಮರಳಿಸಿ, ಪ್ರಿ-ಔಟ್ ಇರುವುದನ್ನು ಕೇಳಿ ತರುವುದು ಮೇಲು.

"ನಾನು ಜೋಡಿಸಬೇಡಿ ಎಂದಿರಲಿಲ್ಲವೇ?" ಎಂದು ಕಾಕಾ ಗೆದ್ದರು.

"ಹಾಗಾದರೆ ಅಜ್ಜನದು ಅಲ್ಲಿ ಸುಮ್ಮನೆ ಏಕೆ? ನನಗೆ ಕೊಡಿ, ಪುಣೆಯಲ್ಲಿ ರೆಕಾರ್ಡ್ ಕೇಳುತ್ತೇನೆ" ಎಂದು ಆ ತಮ್ಮ ಕೈ ಚಾಚಿದ. ಟಿಳಕವಾಡಿಯವನು ಉತ್ತರಿಸಲಿಲ್ಲ. ದೊಡ್ಡಪ್ಪ ಉತ್ತರಿಸಿದರು, ಈ ಸಲ ಒಂದೇ ಕಂತಿನಲ್ಲಿ:

"ಯಾರೂ ಯಾರಿಗೂ ಕೊಡುವ ಮೊದಲು ಪಾಲಿನ ಪತ್ರ ತೆಗೆದು ಓದಿ. ಪಡಸಾಲೆಯ ಗೋಡೆಯ ಕಪಾಟು, ಒಳಗಿನ ಸಾಮಾನು ಸಹಿತ, ನನ್ನ ಹೆಸರಿಗಿದೆ. ಆಂಪ್ಲಿಫೈಯರ್ ಇದ್ದದ್ದು ಆ ಕಪಾಟಿನಲ್ಲಿ."