ಅನಿಮೆ ಬಗ್ಗೆ ಮಾತಾಡುವವರಲ್ಲಿ ಯಾರ ವೀಡಿಯೊ ನೋಡಬೇಕು?

ಕೇಳಿದವರು, ಯಾದಗಿರಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾನೆ. ಎರಡು ವರ್ಷದಿಂದ ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಕಣ್ಣು, ಕೂದಲು, ಕತ್ತಿ. ಚೆನ್ನಾಗಿಯೇ ಬಿಡಿಸುತ್ತಾನೆ. ನಾನು ಕಲಬುರಗಿಯಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರ ಮಾತ್ರ ಊರಿಗೆ ಹೋಗುತ್ತೇನೆ. ಅವನ ಜೊತೆ ಕೂತು ಈ ವಿಷಯ ಮಾತಾಡಬೇಕು ಅಂತ ಆಸೆ, ಆದರೆ ನನಗೆ ಏನೂ ಗೊತ್ತಿಲ್ಲ. ಯೂಟ್ಯೂಬಿನಲ್ಲಿ ಅನಿಮೆ ಬಗ್ಗೆ ಮಾತಾಡುವವರು ತುಂಬಾ ಜನ ಇದ್ದಾರಂತೆ. ನಿಮಗೆ ಯಾರು ಇಷ್ಟ, ಯಾಕೆ ಇಷ್ಟ? ನನಗೂ ಅರ್ಥವಾಗಬೇಕು, ಅವನಿಗೂ ಉಪಯೋಗವಾಗಬೇಕು.

ಉತ್ತರ, ಕಲಬುರಗಿಯಿಂದ

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನು ಆ ವಯಸ್ಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಹೀಗೆ ಕೇಳುವವರು ಇರಲಿಲ್ಲ.

ಹತ್ತು ವರ್ಷದಿಂದ ಇಂಥ ವೀಡಿಯೊ ನೋಡುತ್ತಾ ಬಂದಿದ್ದೇನೆ. ಎಷ್ಟೋ ಚಾನೆಲ್ ಹಿಡಿದೆ, ಎಷ್ಟೋ ಬಿಟ್ಟೆ. ಹೆಚ್ಚಿನವರು ಕಥೆ ಹೇಳಿ ಮುಗಿಸುತ್ತಾರೆ. ಇಲ್ಲವೇ ಈ ಹೀರೋ ಜೋರೋ ಆ ಹೀರೋ ಜೋರೋ ಅಂತ ಜಗಳ ಹಚ್ಚುತ್ತಾರೆ. ನಾನು ಉಳಿಸಿಕೊಂಡಿರುವವರು ಕೆಲವೇ ಮಂದಿ. ಅವರ ವೀಡಿಯೊ ಮುಗಿದ ಕೂಡಲೇ ಆ ಅನಿಮೆಯನ್ನು ಮತ್ತೊಮ್ಮೆ ಹಾಕಿ ನೋಡಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸದಿದ್ದರೆ ನಾನು ಆ ಚಾನೆಲ್ ಮುಂದುವರಿಸುವುದಿಲ್ಲ.

ನೀವು ಹೊಸಬರು. ಆದ್ದರಿಂದ ಮೊದಲು 'ಎವ್ರಿ ಫ್ರೇಮ್ ಎ ಪೇಂಟಿಂಗ್' ಚಾನೆಲ್‌ನಲ್ಲಿ ಸತೋಶಿ ಕೋನ್ ಬಗ್ಗೆ ಇರುವ ವೀಡಿಯೊ ನೋಡಿ. ಇದು ಅನಿಮೆ ಚಾನೆಲ್ ಅಲ್ಲ, ಸಿನಿಮಾ ಚಾನೆಲ್. ಟೋನಿ ಝೌ, ಟೇಲರ್ ರಾಮೋಸ್ ಅನ್ನುವ ಇಬ್ಬರು ಸೇರಿ ಮಾಡುತ್ತಿದ್ದರು. ಆ ವೀಡಿಯೊ ಬಂದದ್ದು 2014ರಲ್ಲಿ. ಹತ್ತು ನಿಮಿಷವೂ ಇಲ್ಲ. ಕೋನ್ ಅವರು ನಾಲ್ಕೇ ಸಿನಿಮಾ ಪೂರ್ತಿ ಮಾಡಿ 2010ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ನಿರ್ದೇಶಕರು. ಒಂದು ದೃಶ್ಯದಿಂದ ಇನ್ನೊಂದು ದೃಶ್ಯಕ್ಕೆ ಅವರು ಹೇಗೆ ದಾಟುತ್ತಾರೆ ಅನ್ನುವುದೊಂದನ್ನೇ ಆ ವೀಡಿಯೊ ಹಿಡಿದುಕೊಳ್ಳುತ್ತದೆ.

ಅವರ 'ಮಿಲೇನಿಯಮ್ ಆಕ್ಟ್ರೆಸ್' ಸಿನಿಮಾವನ್ನು ನಾನು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ವಯಸ್ಸಾದ ನಟಿಯೊಬ್ಬಳು ತನ್ನ ಬದುಕಿನ ಕಥೆ ಹೇಳುತ್ತಾಳೆ. ಹೇಳುತ್ತಾ ಹೇಳುತ್ತಾ ಯಾವುದು ಅವಳ ನೆನಪು, ಯಾವುದು ಅವಳು ನಟಿಸಿದ ಸಿನಿಮಾ ಅನ್ನುವುದೇ ಕಲಸಿಹೋಗುತ್ತದೆ. ನನಗೆ ತಲೆ ಕೆಟ್ಟಿತ್ತು. ಆ ವೀಡಿಯೊ ನೋಡಿದ ಮೇಲೆ ಥಟ್ಟನೆ ನಮ್ಮ ಅಜ್ಜಿ ನೆನಪಾದಳು. ರಜಾಕಾರರ ಕಾಲದ ಮಾತು ತೆಗೆದು, ನಡುವೆ ತನ್ನ ಮದುವೆಗೆ ಹೋಗಿ, ಅಲ್ಲಿಂದ ನಿನ್ನೆಯ ಸಂತೆಗೆ ಬಂದುಬಿಡುತ್ತಿದ್ದಳು. ನಮಗೆ ಒಮ್ಮೆಯೂ ದಾರಿ ತಪ್ಪಿದ ಹಾಗೆ ಆಗುತ್ತಿರಲಿಲ್ಲ. ಕೋನ್ ಕಥೆ ಹೇಳುವುದೂ ಹಾಗೇ. ಆ ರಾತ್ರಿಯೇ ಸಿನಿಮಾ ಮೊದಲಿನಿಂದ ನೋಡಿ ಮುಗಿಸಿದೆ. ಅತ್ತುಬಿಟ್ಟೆ ಕೂಡ. ಅವರದೇ 'ಪರ್ಫೆಕ್ಟ್ ಬ್ಲೂ' ಮಾತ್ರ ದೊಡ್ಡವರದು, ಮನೆಯವರ ಜೊತೆ ಕೂತು ನೋಡುವಂಥದ್ದಲ್ಲ.

ಎರಡನೆಯದು 'ಮದರ್ಸ್ ಬೇಸ್‌ಮೆಂಟ್'. ಜೆಫ್ ಥ್ಯೂ ಅನ್ನುವವರ ಚಾನೆಲ್. ಪ್ರತಿ ಅನಿಮೆ ಶುರುವಿನಲ್ಲಿ ಸುಮಾರು ಒಂದೂವರೆ ನಿಮಿಷದ ಒಂದು ಹಾಡು ಬರುತ್ತದಲ್ವಾ, ಅದನ್ನು ಓಪನಿಂಗ್ ಅನ್ನುತ್ತಾರೆ. ನಾವೆಲ್ಲ ಮುಂದಕ್ಕೆ ಓಡಿಸುತ್ತೇವೆ. ಇವರು ಅದನ್ನೇ ಬಿಡಿಸಿ ಬಿಡಿಸಿ ತೋರಿಸುವ ಒಂದು ಸರಣಿ ಮಾಡಿದ್ದಾರೆ. ಬಣ್ಣ ಯಾಕೆ ಇಲ್ಲಿ ಬದಲಾಯಿತು, ಈ ಪಾತ್ರ ಯಾಕೆ ಬೆನ್ನು ತಿರುಗಿಸಿದೆ, ತಾಳ ಬಿದ್ದ ಕಡೆ ಚಿತ್ರ ಹೇಗೆ ಬದಲಾಗುತ್ತದೆ. ನಿಮ್ಮಂಥವರಿಗೆ ಇದು ಬಹಳ ಒಳ್ಳೆಯದು. ಯಾಕೆಂದರೆ ಒಂದೂವರೆ ನಿಮಿಷದ ಹಾಡು ನೋಡಿದರೆ ಸಾಕು, ತಮ್ಮನ ಜೊತೆ ಅರ್ಧ ಗಂಟೆ ಮಾತಾಡಬಹುದು. ಇಪ್ಪತ್ತು ಎಪಿಸೋಡ್ ನೋಡಿ ಬರಬೇಕಾಗಿಲ್ಲ.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರದವರು 'ಸೂಪರ್ ಐಪ್ಯಾಚ್ ವುಲ್ಫ್'. ಹೆಸರು ಜಾನ್ ವಾಲ್ಶ್, ಐರ್ಲೆಂಡಿನವರು. ಮಾತು ನಿಧಾನ, ತೂಕದ ಮಾತು. 'ಹಂಟರ್ ಹಂಟರ್' ಯಾಕೆ ನೋಡಬೇಕು ಅಂತ ಒಂದು ವೀಡಿಯೊ ಮಾಡಿದ್ದಾರೆ. 2011ರಲ್ಲಿ ಶುರುವಾದ ಆ ಅನಿಮೆ 148 ಎಪಿಸೋಡ್ ಇದೆ. ಅಷ್ಟು ಉದ್ದ ಯಾರು ನೋಡುತ್ತಾರೆ ಅಂದುಕೊಂಡಿದ್ದೆ. ಆ ವೀಡಿಯೊ ನೋಡಿ ಶುರು ಮಾಡಿದೆ, ಬೇಸಿಗೆ ರಜೆ ಪೂರ್ತಿ ಅದರಲ್ಲೇ ಹೋಯಿತು. ಮೇ ತಿಂಗಳ ಬಿಸಿಲಿಗೆ ನಮ್ಮೂರಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗೆ ಇರುವುದಿಲ್ಲ, ನಿಮಗೆ ಗೊತ್ತೇ ಇದೆ. 'ಬ್ಲೀಚ್' ಅನ್ನುವ ಕಥೆ ಯಾಕೆ ನಡುವೆ ಬಿದ್ದುಹೋಯಿತು ಅನ್ನುವ ವೀಡಿಯೊ ಕೂಡ ಇದೆ. ತಾನು ಪ್ರೀತಿಸಿದ ಕಥೆ ಸೋತದ್ದನ್ನು ಬೈಯದೆ, ನೋವಿನಿಂದ ಹೇಳುತ್ತಾರೆ. ಬರೆದವನ ಮೇಲೆ ಗೌರವ ಇಟ್ಟುಕೊಂಡೇ ತಪ್ಪು ಹೇಳುವುದು ಹೇಗೆ ಅಂತ ನಾನು ಕಲಿತದ್ದು ಅವರಿಂದ. ಜುಂಜಿ ಇತೋ ಅವರ ಭಯದ ಕಥೆಗಳ ಬಗ್ಗೆ ಇರುವುದನ್ನು ಮಾತ್ರ ರಾತ್ರಿ ಒಬ್ಬರೇ ನೋಡಬೇಡಿ.

ಗಿಗಕ್ ಅನ್ನುವವರ ಹೆಸರು ನಿಮ್ಮ ತಮ್ಮನಿಗೆ ಗೊತ್ತಿರುತ್ತದೆ. ತುಂಬಾ ಜನ ನೋಡುತ್ತಾರೆ, ನಗಿಸುತ್ತಾರೆ, ಹೊಸ ಸೀಸನ್‌ನಲ್ಲಿ ಏನೇನು ಬಂದಿದೆ ಅಂತ ತಿಳಿಯಲು ಅನುಕೂಲ. ಮಾತು ಬಹಳ ವೇಗ, ಪೋಲಿ ಜೋಕ್ ಜಾಸ್ತಿ. ನೀವು ಅವರಿಂದ ಶುರು ಮಾಡುವುದು ಬೇಡ.

ಉತ್ತರ, ಬೀದರ್‌ನಿಂದ

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಹುಡುಗ ಚಿತ್ರ ಬಿಡಿಸುತ್ತಾನೆ ಅಂದಿರಲ್ಲ ಅಕ್ಕಾ, ಅವನಿಗೆ ಬೇಕಾದ ಚಾನೆಲ್ ಬೇರೆ ಇದೆ. 'ದಿ ಕಾನಿಪಾ ಎಫೆಕ್ಟ್'. ಕ್ಯಾಲಮ್ ಮೇ ಅನ್ನುವವರು ನಡೆಸುತ್ತಾರೆ. ಕಥೆಗಿಂತ ಹೆಚ್ಚಾಗಿ, ಆ ಚಿತ್ರ ಬಿಡಿಸಿದ ಕೈ ಯಾರದು ಅನ್ನುವುದನ್ನು ಹುಡುಕಿ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಬಿದ್ರಿ ಕೆಲಸ. ನಾನು ಈ ಚಾನೆಲ್‌ಗೆ ಅಂಟಿಕೊಂಡದ್ದು ಅದಕ್ಕೇ ಇರಬೇಕು. ಒಂದು ಹೂದಾನಿ ಆಗಬೇಕಾದರೆ ಸತು, ತಾಮ್ರ ಸೇರಿಸಿ ಎರಕ ಹೊಯ್ಯುವವರು ಒಬ್ಬರು. ಅರ ಹಾಕಿ ನುಣುಪು ಮಾಡುವವರು ಒಬ್ಬರು. ಚಿತ್ರ ಕೆತ್ತುವವರು, ಬೆಳ್ಳಿ ತಂತಿ ಕೂರಿಸುವವರು, ಕೊನೆಗೆ ಕೋಟೆಯ ಮಣ್ಣು ಹಾಕಿದ ಬಿಸಿ ನೀರಲ್ಲಿ ಅದ್ದಿ ಕಪ್ಪು ಬರಿಸುವವರು. ಅಂಗಡಿಯಲ್ಲಿ ಕೊಳ್ಳುವವರಿಗೆ ಕಾಣುವುದು ಒಂದು ಹೂದಾನಿ ಮಾತ್ರ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಅಪ್ಪ ಎಷ್ಟು ಸಂತೋಷಪಟ್ಟರು ಅಂದರೆ, ಮನೆಯಲ್ಲೇ ಯಾರಿಗೋ ಬಂದ ಹಾಗೆ. ಕೈಗೆ ಒಂದು ಹೆಸರು ಸಿಕ್ಕಿತಲ್ಲ ಅಂತ.

ಅನಿಮೆಯೂ ಹೀಗೇ. ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಆದರೆ ಎಲ್ಲಕ್ಕೂ ಬೇರೆ ಬೇರೆ ಚಿತ್ರ ಬಿಡಿಸುವುದಿಲ್ಲ. ತುಂಬಾ ಸಲ ಒಂದೇ ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ ಎಂಟು ಚಿತ್ರ. ಮುಖ್ಯ ಭಂಗಿಗಳನ್ನು ಒಬ್ಬರು ಬಿಡಿಸುತ್ತಾರೆ, ನಡುವಿನ ಚಿತ್ರಗಳನ್ನು ಇನ್ನೊಬ್ಬರು ತುಂಬುತ್ತಾರೆ. ಎಲ್ಲಿ ಕಡಿಮೆ ಚಿತ್ರ ಹಾಕಿ ಉಳಿಸಬೇಕು, ಎಲ್ಲಿ ಕೈ ಬಿಚ್ಚಿ ಬಿಡಿಸಬೇಕು ಅನ್ನುವುದರಲ್ಲೇ ಅವರ ಜಾಣತನ ಇದೆ. ಹಾಗೆ ಕೈ ಬಿಚ್ಚಿ ಬಿಡಿಸಿದ ಭಾಗಕ್ಕೆ ಅಭಿಮಾನಿಗಳು ಸಾಕುಗಾ ಅನ್ನುತ್ತಾರೆ.

ಇದನ್ನೆಲ್ಲ ತಿಳಿದ ಮೇಲೆ ಕೈ ಗುರುತು ಸಿಗಲು ಶುರುವಾಗುತ್ತದೆ. ಯುತಾಕ ನಕಮುರಾ ಅಂತ ಒಬ್ಬ ಆನಿಮೇಟರ್ ಇದ್ದಾರೆ. ಅವರು ಬಿಡಿಸಿದ ಹೊಡೆದಾಟದಲ್ಲಿ ಗೋಡೆ ಒಡೆದರೆ ಕಲ್ಲು ಚೌಕ ಚೌಕ ತುಂಡಾಗಿ ಹಾರುತ್ತವೆ. ಒಮ್ಮೆ ಕಂಡರೆ ಮರೆಯುವುದಿಲ್ಲ. ನಮ್ಮ ಅಪ್ಪ ಬಳ್ಳಿಯ ತಿರುವು ನೋಡಿ ಇದು ಯಾರ ಕೆತ್ತನೆ ಅಂತ ಹೇಳುತ್ತಾರೆ. ನಾನು ನಕಮುರಾ ಅವರ ಕಲ್ಲು ಗುರುತಿಸಿದ ದಿನ ಅಪ್ಪನಿಗೇ ಮೊದಲು ತೋರಿಸಿದೆ. ಅವರು ಫೋನ್ ಕಣ್ಣಿನ ಹತ್ತಿರ ಹಿಡಿದು ನಾಲ್ಕು ಸಲ ನೋಡಿದರು.

ತಮ್ಮನಿಗೆ ಒಂದು ಉಪಾಯ ಹೇಳಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವೀಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಅಲ್ಪವಿರಾಮದ ಕೀ ಒತ್ತಿದರೆ ಹಿಂದೆ ಬರುತ್ತದೆ. ಐದು ಸೆಕೆಂಡಿನ ಒಂದು ಓಟವನ್ನು ಹೀಗೆ ನೋಡಿ ನಕಲು ಮಾಡಲಿ. ನಾನು ಕಲಿತದ್ದು ಹೀಗೆಯೇ.

ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಸತೋಶಿ ಕೋನ್ ವೀಡಿಯೊ ವಾಡಿ ದಾಟುವಷ್ಟರಲ್ಲಿ ರೈಲಿನಲ್ಲೇ ನೋಡಿದೆ. ಇಷ್ಟವಾಯಿತು, ಆದರೆ ಇಂಗ್ಲಿಷ್ ಓಡುತ್ತದೆ. ಓದಿದರೆ ತಿಳಿಯುತ್ತದೆ, ಕೇಳಿದರೆ ಅರ್ಧ ತಪ್ಪುತ್ತದೆ. ಇನ್ನೊಂದು ಚಿಂತೆ. ಅವನು ಎಲ್ಲೆಲ್ಲಿಂದಲೋ ಡೌನ್‌ಲೋಡ್ ಮಾಡುತ್ತಾನೆ, ಫೋನ್ ತುಂಬ ಜಾಹೀರಾತು.

ಉತ್ತರ, ಶಹಾಪುರದಿಂದ

ಅಕ್ಕಾ, ನಾನು ಡಿಗ್ರಿ ಓದುತ್ತಿದ್ದೇನೆ. ಇಂಗ್ಲಿಷ್ ವಿಷಯದಲ್ಲಿ ನನ್ನದೂ ಇದೇ ಕಷ್ಟ ಇತ್ತು.

ವೀಡಿಯೊ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಅದೇ ಜಾಗದಲ್ಲಿ ತಾನಾಗಿಯೇ ಅನುವಾದ ಮಾಡುವ ಆಯ್ಕೆ ಇದೆ, ಅದರಲ್ಲಿ ಕನ್ನಡವೂ ಇದೆ. ಆ ಕನ್ನಡ ಒರಟು. ಪಾತ್ರದ ಹೆಸರನ್ನೂ ಅನುವಾದ ಮಾಡಿಬಿಡುತ್ತದೆ. ಆದರೂ ಮಾತಿನ ದಾರಿ ತಿಳಿಯುತ್ತದೆ. ನಾನು ಮೊದಲು ಕನ್ನಡದಲ್ಲಿ ಒಮ್ಮೆ, ಆಮೇಲೆ ಇಂಗ್ಲಿಷಿನಲ್ಲಿ ಒಮ್ಮೆ ನೋಡುತ್ತಿದ್ದೆ. ಆರು ತಿಂಗಳಲ್ಲಿ ಕನ್ನಡ ಬೇಕಾಗಲಿಲ್ಲ.

ಅನಿಮೆ ನೋಡಲು ಕಂಡ ಕಂಡ ಸೈಟ್ ಬೇಡ ಅಂತ ಹೇಳಿ. ಮ್ಯೂಸ್ ಇಂಡಿಯಾ, ಆನಿ-ಒನ್ ಅನ್ನುವ ಚಾನೆಲ್‌ಗಳು ಹಕ್ಕು ಪಡೆದೇ ಎಷ್ಟೋ ಅನಿಮೆಯನ್ನು ಯೂಟ್ಯೂಬಿನಲ್ಲಿ ಹಾಕುತ್ತವೆ. ದುಡ್ಡು ಕೊಟ್ಟು ನೋಡುವುದಾದರೆ ಕ್ರಂಚಿರೋಲ್ ಇದೆ, ಅದರಲ್ಲಿ ಹಿಂದಿ, ತೆಲುಗು ಡಬ್ಬಿಂಗ್ ಸಿಗುತ್ತದೆ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು. ಹಾಗಾಗಿ ಹಿಂದಿ, ತೆಲುಗು ಎರಡೂ ನಮಗೆ ಕಷ್ಟವಿಲ್ಲ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್'ನ 'ಇನ್ಫಿನಿಟಿ ಕ್ಯಾಸಲ್' ಸಿನಿಮಾ ಬಂದಾಗ ನಾವು ಐದು ಜನ ಗೆಳತಿಯರು ಹೈದರಾಬಾದಿಗೆ ಹೋಗಿ ತೆಲುಗಿನಲ್ಲಿ ನೋಡಿ ಬಂದೆವು. ಎರಡೂವರೆ ಗಂಟೆಗೂ ಹೆಚ್ಚು, ಯಾರೂ ಕದಲಲಿಲ್ಲ.

ಅದರ ಬಗ್ಗೆಯೇ ಒಂದು ಬೇಸರದ ಅನುಭವ ಇದೆ. ಹೋಗುವ ಹಿಂದಿನ ದಿನ, ಒಂದು ಚಾನೆಲ್‌ನವರು ಯಾರು ಸಾಯುತ್ತಾರೆ ಅನ್ನುವುದನ್ನು ವೀಡಿಯೊ ಮೇಲಿನ ಚಿತ್ರದಲ್ಲೇ ದೊಡ್ಡದಾಗಿ ಹಾಕಿದ್ದರು. ತೆರೆಯದೆಯೇ ಕಂಡುಬಿಟ್ಟಿತು. ತಿಂಗಳುಗಟ್ಟಲೆ ಕಾದವರಿಗೆ ಹೀಗೆ ಮಾಡುವುದು ದೊಡ್ಡ ತಪ್ಪು ಅಂತ ನಾನು ಇವತ್ತಿಗೂ ಅನ್ನುತ್ತೇನೆ. ಹಾಗಾಗಿ ಯಾರನ್ನು ಆರಿಸಿದರೂ ಇದನ್ನು ಗಮನಿಸಿ. ಒಳ್ಳೆಯವರು ಕಥೆಯ ಗುಟ್ಟು ಹೇಳುವ ಮುಂಚೆ ಎಚ್ಚರಿಕೆ ಕೊಡುತ್ತಾರೆ, ಇಲ್ಲಿವರೆಗೆ ನೋಡಿದವರು ಮಾತ್ರ ಮುಂದೆ ಬನ್ನಿ ಅಂತ. ಹಾಗೆ ಕೊಡದ ಚಾನೆಲ್ ಬಂದರೆ ವೀಡಿಯೊ ಪಕ್ಕದ ಮೂರು ಚುಕ್ಕಿ ಒತ್ತಿ, ಈ ಚಾನೆಲ್ ತೋರಿಸಬೇಡಿ ಅನ್ನುವುದನ್ನು ಆರಿಸಿ.

ನನ್ನ ಮೆಚ್ಚಿನದೂ ಒಂದು ಹೇಳುತ್ತೇನೆ. ಕೆನ್ನಿ ಲಾಡರ್‌ಡೇಲ್. ಡಿವಿಡಿಗೂ ಬಾರದೆ ಹಳೇ ಕ್ಯಾಸೆಟ್, ಲೇಸರ್ ಡಿಸ್ಕ್‌ಗಳಲ್ಲೇ ಉಳಿದ ಅನಿಮೆಗಳನ್ನು ಹುಡುಕಿ ತೋರಿಸುತ್ತಾರೆ. ಮರೆತುಹೋದ ಕೆಲಸಕ್ಕೂ ಯಾರೋ ಒಬ್ಬರು ಇದ್ದಾರಲ್ಲ ಅಂತ ಸಮಾಧಾನ ಆಗುತ್ತದೆ. ನಮ್ಮ ಮಾವ 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಮೋಗ್ಲಿಯ 'ಜಂಗಲ್ ಬುಕ್' ನೋಡುತ್ತಿದ್ದರಂತೆ. ಅದು ಜಪಾನಿನದು, 1989ರಲ್ಲಿ ಅಲ್ಲಿ ಶುರುವಾದದ್ದು ಅಂತ ನಾನು ಹೇಳಿದಾಗ ನಂಬಲೇ ಇಲ್ಲ. ನಿಮ್ಮ ಮನೆಯ ದೊಡ್ಡವರಿಗೂ ಹೇಳಿ ನೋಡಿ, ತಮ್ಮನ ಹುಚ್ಚಿನ ಬಗ್ಗೆ ಅವರ ಮಾತು ಸ್ವಲ್ಪ ಮೆತ್ತಗಾಗುತ್ತದೆ.

ಕೇಳಿದವರು, ಮುಂದಿನ ಸೋಮವಾರ

ನಿನ್ನೆ ಊರಿಗೆ ಹೋಗಿದ್ದೆ. ಅವನಿಗಿಷ್ಟವಾದ ಒಂದು ಓಪನಿಂಗ್ ಹಾಕಿಸಿ, ಇಲ್ಲಿ ಬಣ್ಣ ಯಾಕೆ ಬದಲಾಯಿತು ಅಂತ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮಾತು ನಿಲ್ಲಲಿಲ್ಲ. ಅವ್ವ ರೊಟ್ಟಿ ಆರುತ್ತಿದೆ ಅಂತ ಮೂರು ಸಲ ಕರೆದಳು. ಸಂಜೆ ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಫ್ರೇಮ್ ಫ್ರೇಮ್ ಮಾಡಿ ಒಂದು ಓಟ ಬಿಡಿಸಿದ. ಹನ್ನೊಂದು ಚಿತ್ರ ಆಗಿದೆ. ನಕಮುರಾ ಅವರ ಕೈ ಇನ್ನೂ ಯಾವುದರಲ್ಲಿದೆ ಅಂತ ಬೀದರ್ ಅಣ್ಣನನ್ನು ಕೇಳು ಅಂದಿದ್ದಾನೆ.

ಉತ್ತರ, ಬೀದರ್‌ನಿಂದ

'ಒನ್ ಪಂಚ್ ಮ್ಯಾನ್' ಮೊದಲ ಸೀಸನ್ನಿನ 12ನೇ ಎಪಿಸೋಡ್‌ನಿಂದ ಶುರು ಮಾಡಲಿ. ಆಮೇಲೆ 'ಮಾಬ್ ಸೈಕೋ 100'. ಹಳೆಯದು ಬೇಕಾದರೆ 'ಕೌಬಾಯ್ ಬೀಬಾಪ್'. ಹನ್ನೊಂದು ಚಿತ್ರ ನಮಗೂ ತೋರಿಸಿ ಅಕ್ಕಾ, ಅಪ್ಪ ನೋಡಬೇಕಂತೆ.