ಅಪ್‌ಡೇಟ್: ಆನ್‌ಲೈನ್‌ನಲ್ಲಿ 1800, ಬೋರ್ಡ್ ಮೇಲೆ ಎಷ್ಟು?

ಆನ್‌ಲೈನ್ ಚೆಸ್ ತಾಣ ಲಿಚೆಸ್‌ನ ರ‍್ಯಾಪಿಡ್ (ಚುರುಕಿನ) ಆಟದಲ್ಲಿ ರೇಟಿಂಗ್ 1800 ಇದ್ದರೆ ಫಿಡೆ (ವಿಶ್ವ ಚೆಸ್ ಒಕ್ಕೂಟ) ಟೂರ್ನಿಯಲ್ಲೂ ಅಷ್ಟೇ ಬರುತ್ತದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆ ಥ್ಯಾಂಕ್ಸ್. ಬರಲ್ಲ. ಲಿಚೆಸ್ ಎಲ್ಲರನ್ನೂ 1500ರಿಂದ ಶುರು ಮಾಡಿಸುತ್ತದೆ, ರೇಟಿಂಗ್ ಲೆಕ್ಕ ಗ್ಲಿಕೊ-2 ಪದ್ಧತಿಯದ್ದು. ಫಿಡೆಯದು ಎಲೊ ಅನ್ನೋ ಬೇರೆ ಪದ್ಧತಿ, ಆಡುವ ಗುಂಪೇ ಬೇರೆ. ಎರಡನ್ನೂ ಹೋಲಿಸುವುದು ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ಫಿಡೆ ರೇಟಿಂಗ್‌ಗೆ ರೇಟೆಡ್ ಆಟಗಾರರ ಎದುರು ಕನಿಷ್ಠ 5 ಆಟ ಬೇಕು. 2024ರ ಮಾರ್ಚ್‌ನಿಂದ ಕೆಳಮಿತಿ 1400. ಮೊದಲ ಲೆಕ್ಕಕ್ಕೆ 1800ರ ಇಬ್ಬರು ಕಾಲ್ಪನಿಕ ಎದುರಾಳಿಗಳ ಜೊತೆ ಡ್ರಾ ಆದಂತೆ ಸೇರಿಸುತ್ತಾರೆ, ಹಾಗಾಗಿ ಆ ಮೊದಲ ರೇಟಿಂಗ್ ನೋಡಿ ಹಿಗ್ಗುವಂತಿಲ್ಲ. 30 ಆಟ ಮುಗಿಯುವವರೆಗೆ ಕೆ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕು ಅನ್ನೋ ಗುಣಕ) 40. ಸಮಬಲದವರ ಎದುರು ಒಂದು ಸೋಲಿಗೆ 20 ರೇಟಿಂಗ್ ಪಾಯಿಂಟ್ ಢಮಾರ್.

ಇನ್ನೊಂದು: ನಿಮಗಿಂತ ರೇಟಿಂಗ್ 200 ಕಡಿಮೆ ಇರುವವರ ಎದುರೂ ಆಟಕ್ಕೆ ನಿರೀಕ್ಷಿತ ಅಂಕ (ಗೆಲುವಿಗೆ 1, ಡ್ರಾಗೆ ಅರ್ಧ) 0.76 ಮಾತ್ರ. ನಾಲ್ಕು ಆಟದಲ್ಲಿ ಸುಮಾರು ಒಂದು ಅಂಕ ಅವರದ್ದೇ. ‘ಸುಲಭದ ತುತ್ತು’ ಅನ್ನೋದು ಸುಳ್ಳು.

ಬೋರ್ಡ್ ಮೇಲೆ ಎಡವಿಸುವುದು ಮುಟ್ಟಿದ ಕಾಯಿ ನಡೆಸಲೇಬೇಕೆಂಬ ನಿಯಮ, ನಡೆ ಬರೆಯುವುದು, ಗಡಿಯಾರ ಒತ್ತಲು ಮರೆಯುವುದು. ವಾರಕ್ಕೆ ಎರಡು ಆಟ ನಿಜವಾದ ಬೋರ್ಡ್‌ನಲ್ಲಿ, ಬರೆದುಕೊಂಡೇ ಆಡಿ. ಎಂಜಿನ್ (ನಡೆಗಳನ್ನು ವಿಶ್ಲೇಷಿಸುವ ಚೆಸ್ ಸಾಫ್ಟ್‌ವೇರ್) ಹಾಕುವ ಮೊದಲು ತಪ್ಪಾದ ಮೂರು ನಡೆ ಸ್ವಂತವಾಗಿ ಗುರುತಿಸಿ. ಸದ್ಯಕ್ಕೆ 1600ರ ಕೆಳಗಿನ ಟೂರ್ನಿಗೇ ಹೆಸರು ಕೊಡುತ್ತಿದ್ದೇನೆ.